ಟೈಲ್ಸಿನ ಕೌದಿ

ಕೋಣೆಯ ಮೂಲೆಯಲ್ಲಿ ಅಂಗೈಯಗಲ ಜಾಗವೊಂದೇ ಉಳಿದಿತ್ತು. ಅದಕ್ಕೆಂದು ಹೊಸ ಟೈಲ್ಸ್ ಕತ್ತರಿಸಲು ಮೇಸ್ತ್ರಿ ಕೊಟ್ರೇಶ್ ಮೆಷಿನ್ ಎತ್ತಿದ. "ನಿಲ್ಸಿ ಅಣ್ಣ!" ಎಂದು ವಚನಾ ಕೂಗಿದಳು. ಬ್ಯಾಡರಹಳ್ಳಿಯ ಈ ಕಟ್ಟಡದಲ್ಲಿ ಸಾಮಾನು ಹಾಳಾಗದಂತೆ ಕೆಲಸ ಮಾಡುವುದನ್ನು ಕಲಿಸಲು ಬಂದವಳು ಅವಳು. ಈ ಕೋಣೆಯಲ್ಲಿ ಮಾಡಿ ತೋರಿಸದಿದ್ದರೆ ನಾಳೆಯಿಂದ ಬರಬೇಡಿ ಎಂದು ಇಂಜಿನಿಯರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

"ಕತ್ತರಿಸಿ ಉಳಿದು ಬುಟ್ಟೀಲಿರೋ ತುಂಡುಗಳನ್ನ ಮೊದ್ಲು ಇಟ್ಟು ನೋಡೋಣ."

"ತುಂಡು ಕೂಡಿಸಾಕ ನಾವೇನ್ ಇಲ್ಲಿ ಕೌದಿ ಹೊಲ್ಯಾಕ ಬಂದೀವ್ರೀ, ಮೇಡಂ?" ಎಂದ ಕೊಟ್ರೇಶ್. ಎಲ್ಲರೂ ಗೊಳ್ಳೆಂದು ನಕ್ಕರು. ವಚನಾಳಿಗೂ ನಗು ಬಂತು. ಚಿಂದಿಗಳಿಂದ ಆಕಾಶಕ್ಕೇ ಹೊದಿಕೆ ಹೊಲಿದ ಮುದುಕಿಯ ಕಥೆಯನ್ನು ಅಜ್ಜಿ ಹೇಳಿದ್ದು ಅವಳನ್ನು ಕೌದಿಯೊಳಗೆ ಮಲಗಿಸಿಕೊಂಡೇ.

ಅವಳು ತುಂಡೊಂದನ್ನು ಆರಿಸಿ ಮೂಲೆಯಲ್ಲಿಟ್ಟಳು. ಕೂರಲಿಲ್ಲ. ತಿರುಗಿಸಿ ಇಟ್ಟಳು. ಅಲ್ಲೇ ಹುಟ್ಟಿತ್ತೇನೋ ಎಂಬಂತೆ ಕೂತುಬಿಟ್ಟಿತು! ಕೊಟ್ರೇಶ್ ಅದರ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿದ, ಇನ್ನೊಮ್ಮೆ ಎಳೆದು ನೋಡಿದ. ಅಷ್ಟರಲ್ಲಿ ಕೂಲಿಯಾಳು ನೀಲಮ್ಮ ಎಂದಿನಂತೆ ಉಳಿದ ತುಂಡುಗಳ ಬುಟ್ಟಿ ಹೊತ್ತು ಕಸದ ರಾಶಿಯತ್ತ ಹೊರಟಿದ್ದಳು. ಅವನು ಮೆಷಿನ್ ಬಿಟ್ಟು ಓಡಿದ.

"ಏ ನೀಲಮ್ಮಕ್ಕಾ, ಚೆಲ್ಲಬ್ಯಾಡ! ಅಡಿಗಿಮನಿ ಕೌದಿ ಇನ್ನಾ ಬಾಕಿ ಐತಿ!"