ಎರಡನೆಯ ಸಿವುಡು

ಲಾಸಿಯೆಮ್ ತಾನು ಕೊಯ್ದ ಹತ್ತು ಸಿವುಡು ಭತ್ತವನ್ನು ಅಣ್ಣ ಪೈಮಿನ್‌ನ ಮುಂದೆ ಇಳಿಸಿದಾಗ ಬದುವಿನ ಮೇಲಿದ್ದ ಹೆಂಗಸರೆಲ್ಲ ಅವಳತ್ತ ತಿರುಗಿದರು. ಜಾವಾದ ಗದ್ದೆಯಲ್ಲಿ ಕೊಯ್ಲಿಗೆ ಬಂದವರನ್ನು ಬೇಡವೆನ್ನುವಂತಿಲ್ಲ. ಕೂಲಿ ಹತ್ತಕ್ಕೊಂದು ಸಿವುಡು, ಒಡಹುಟ್ಟಿದವರಿಗಾದರೆ ಎರಡು. ಅಪ್ಪನ ಈ ಗದ್ದೆಯಲ್ಲಿ ಪಾಲು ಬೇಕೆಂದು ಹೋದ ತಿಂಗಳಷ್ಟೇ ಅವಳು ಪಂಚಾಯ್ತಿ ಸೇರಿಸಿ ಸೋತಿದ್ದಳು.

"ಬಂದ್ಳಪ್ಪ ಜಮೀನ್ದಾರ್ತಿ!" ಎಂದು ಯಾರೋ ಕಿಸಕ್ಕೆಂದರು.

ಪೈಮಿನ್ ಒಂದು ಸಿವುಡು ತೆಗೆದಿಟ್ಟ. ಅವಳ ಬೆರಳ ಸಂದಿಯಲ್ಲಿದ್ದ ಪುಟ್ಟ ಕೊಯ್ಲುಗತ್ತಿ ಅವ್ವನದೆಂದು ಗುರುತು ಹತ್ತಿತು. ಇನ್ನೊಂದನ್ನೂ ಅವಳತ್ತ ತಳ್ಳಿ, "ತಗೊಳ್ಳೇ, ಎಷ್ಟಾದ್ರೂ ತಂಗಿ ನೀನು," ಎಂದ. ಅವನ ಮನಸ್ಸು ಹಗುರಾಯಿತು.

ಲಾಸಿಯೆಮ್ ಒಂದನ್ನು ಬೆನ್ನಿನ ಬಟ್ಟೆಗೆ ಕಟ್ಟಿಕೊಂಡಳು. ಎರಡನೆಯದನ್ನು ಅವನ ರಾಶಿಯ ಮೇಲೆ ಮೆಲ್ಲಗೆ ಇಟ್ಟಳು.

"ಕೂಲಿ ಇಷ್ಟು ಸಾಕಣ್ಣ. ತಂಗಿ ಪಾಲಿನ ಮೇಲೆ ನೀನು ನಿಂತಿದೀಯ."