ಎರಡನೇ ಸಾಕ್ಷಿಯ ಕಣ್ಣು

"ಸಾಕ್ಷಿಯ ಕಣ್ಣು ತುಂಬ ಮೇಲಿದೆ," ಎಂದಳು ಅಕ್ಕ.

ಅವನು ಕೀಬೋರ್ಡಿನಿಂದ ಕೈ ತೆಗೆದ. ಎಂಟು ತಿಂಗಳ ಕೆಲಸ. ಕಂಪ್ಯೂಟರನ್ನು ಮುಟ್ಟಿಯೂ ಗೊತ್ತಿಲ್ಲದ ಟೈಲರ್ ಅಕ್ಕ ಒಂದೇ ನೋಟಕ್ಕೆ ಅದರಲ್ಲಿ ಹುಳುಕು ಹಿಡಿದಿದ್ದಳು.

ಸ್ಕ್ರೀನಿನ ಮೇಲೆ ನಾಲ್ಕು ಮಹಡಿಯ ಕಟ್ಟಡವೊಂದರ ಮೆಟ್ಟಿಲು. ಅದು ಗುಂಡು ಹಾರಿಸುವ ಹಳೆಯ ಆಟ. ಅದರ ಹುಚ್ಚು ಹತ್ತಿದವರು ಇಂದಿಗೂ ಅದಕ್ಕೆ ತಮ್ಮದೇ ಮ್ಯಾಪ್ ಕಟ್ಟುತ್ತಾರೆ: ಕೋಟೆ, ಗುಹೆ, ಪಿಶಾಚಿಗಳ ಅರಮನೆ. ಅವನು ಕಟ್ಟಿದ್ದು ತಾವು ಹಿಂದೆ ಬಾಡಿಗೆಗಿದ್ದ ಕಟ್ಟಡವನ್ನು. ಬಂದೂಕುಗಳನ್ನೆಲ್ಲ ತೆಗೆದು, ಇಬ್ಬರು ಸೈನಿಕರನ್ನು ಮಾತ್ರ ಉಳಿಸಿಕೊಂಡಿದ್ದ. ಮೂರನೇ ಮಹಡಿಯ ತಿರುವಿನಲ್ಲಿ ನಿಂತ ನೀಲಿ ಅಂಗಿಯವನು ಅಪ್ಪ, ಕೆಂಪು ಅಂಗಿಯವನು ಚಿಕ್ಕಪ್ಪ. ಕೆಳಗಿನ ಮಹಡಿಯಿಂದ ಅವರನ್ನು ನೋಡುವ ಸಾಕ್ಷಿಗೆ ಮೈಯಿಲ್ಲ. ಈ ಆಟದ ಕ್ರಮವೇ ಹಾಗೆ. ಆಡುವವನು ಬರೀ ಕಣ್ಣು. ಅವನ ಮುಖ ಅವನಿಗೇ ಕಾಣುವುದಿಲ್ಲ.

ಇಪ್ಪತ್ನಾಲ್ಕು ವರ್ಷದ ಹಿಂದೆ ಆ ತಿರುವಿನಿಂದ ಚಿಕ್ಕಪ್ಪ ಕೆಳಗೆ ಬಿದ್ದು ಸತ್ತ. ಈ ಆಟವನ್ನು ಮನೆಗೆ ತಂದವನು, ಮ್ಯಾಪ್ ಕಟ್ಟಲು ಅವನಿಗೆ ಕಲಿಸಿದವನು ಚಿಕ್ಕಪ್ಪನೇ. ಅವತ್ತು ಅಣ್ಣತಮ್ಮಂದಿರ ಜಗಳ ಇಡೀ ಕಟ್ಟಡಕ್ಕೆ ಕೇಳಿತ್ತು. "ಕಾಲು ಜಾರಿದ, ಹಿಡಿಯೋಕೆ ಹೋದೆ" ಎಂದಿದ್ದ ಅಪ್ಪ. "ಎರಡೂ ಕೈಯಿಂದ ನೂಕಿದ್ದು ಕಂಡೆ" ಎಂಬುದು ಎರಡನೇ ಸಾಕ್ಷಿಯ ಹೇಳಿಕೆ. ಅದೊಂದೇ ಮಾತಿಗೆ ಅಪ್ಪನಿಗೆ ಸಾಯುವವರೆಗೂ ಜೈಲಾಯಿತು. ತೀರ್ಪಿನಲ್ಲಿ ಆ ಸಾಕ್ಷಿಗೆ ಹೆಸರಿಲ್ಲ, ನಂಬರ್ ಮಾತ್ರ. ಮನೆಯಲ್ಲೂ ನಂಬರೇ ಉಳಿಯಿತು. ಹೆಸರೆತ್ತುವ ಧೈರ್ಯ ಅಮ್ಮನಿಗೆ ಸಾಯುವವರೆಗೂ ಬರಲಿಲ್ಲ.

ತೀರ್ಪಿನ ಇನ್ನೊಂದು ಸಾಲು ಅವನಿಗೆ ಗಂಟಲ ಮುಳ್ಳು. 'ಎರಡನೇ ಸಾಕ್ಷಿಗೆ ಪಾಟೀಸವಾಲು ಹಾಕಲು ಆರೋಪಿ ಒಪ್ಪಲಿಲ್ಲ.' ಅಪ್ಪನ ವಕೀಲರು ಪ್ರಶ್ನೆ ಕೇಳಲು ಎದ್ದೇ ಬಿಟ್ಟಿದ್ದರು. ಅಪ್ಪ ಬೇಡವೆಂದು ಕೈಸನ್ನೆ ಮಾಡಿ ಕೂರಿಸಿದ. ಮೌನಂ ಸಮ್ಮತಿ ಲಕ್ಷಣಂ. ತಪ್ಪು ಮಾಡದವನು ಹಾಗೆ ಸುಮ್ಮನಿರುತ್ತಾನೆಯೇ? ಈ ಪ್ರಶ್ನೆಗೇ ಜೋತುಬಿದ್ದು ಅವನು ಒಂದು ದಿನವೂ ಜೈಲಿನ ಕಡೆ ತಲೆ ಹಾಕಿರಲಿಲ್ಲ. ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದವಳು ಅಕ್ಕ.

ಈಗ ಅಪ್ಪ ಜೈಲಿನ ಆಸ್ಪತ್ರೆಯಲ್ಲಿದ್ದ. ಈ ವಾರ ದಾಟುವುದಿಲ್ಲ ಎಂದಿದ್ದರು ಡಾಕ್ಟರು. ಅಪ್ಪ ಹಾಸಿಗೆ ಹಿಡಿದಾಗಿನಿಂದಲೂ ಒಂದು ಸಲ ಬಾ ಎಂದು ಅಕ್ಕ ಗೋಗರೆಯುತ್ತಿದ್ದಳು. ನೂಕಿದನೋ ಹಿಡಿಯಹೋದನೋ, ಅದು ತಿಳಿಯದೆ ಬರುವುದಿಲ್ಲ ಎಂದು ಅವನು ಹಟ ಹಿಡಿದಿದ್ದ.

ಹಟಕ್ಕೆ ತಕ್ಕ ಕೆಲಸವನ್ನೂ ಮಾಡಿದ್ದ. ಆಟವನ್ನು ಸ್ಕ್ರೀನಿನ ಮೇಲೆ ಮೂಡಿಸುವ ಹಳೆಯ ಎಂಜಿನ್ ನೆರಳನ್ನು ಒಮ್ಮೆ ಗೋಡೆಗೆ ಬಳಿದು ಕೈ ತೊಳೆದುಕೊಳ್ಳುತ್ತದೆ. ಆಳು ಅಲುಗಿದರೂ ನೆರಳು ಅಲುಗುವುದಿಲ್ಲ. ಅದು ಸಾಲದೆಂದು ತಾನೇ ಹೊಸ ಎಂಜಿನ್ ಬರೆದ. ಗಾಳಿಕಿಂಡಿಯಿಂದ ಬೀಳುವ ಸಂಜೆ ನಾಲ್ಕರ ಬಿಸಿಲು, ಆ ಬಿಸಿಲಿಗೆ ಓಡಾಡುವ ನೆರಳು, ಒಂದನ್ನೂ ಬಿಡಲಿಲ್ಲ. ನಿಂತ ಜಾಗದಿಂದ ಕಣ್ಣಿಗೆ ಎಷ್ಟು ಕಾಣುತ್ತದೋ ಅಷ್ಟನ್ನೇ ಅದು ತೋರಿಸುತ್ತದೆ. ಊಹಿಸುವ ಚಟ ಯಂತ್ರಕ್ಕಿಲ್ಲ.

ಇದುವರೆಗೆ ಪ್ರತಿ ಸಲವೂ ಎಲ್ಲ ನಿಚ್ಚಳವಾಗಿ ಕಂಡಿತ್ತು: ಅಪ್ಪನ ಕೈ, ಚಿಕ್ಕಪ್ಪನ ಎದೆ. ಇಲ್ಲಿ ನಿಂತವರಿಗೆ ನೂಕಿದ್ದಕ್ಕೂ ಹಿಡಿದದ್ದಕ್ಕೂ ವ್ಯತ್ಯಾಸ ತಿಳಿಯದೇ ಇರಲು ಸಾಧ್ಯವೇ ಇರಲಿಲ್ಲ. ಹಾಗೆ ಕಂಡ ದಿನಗಳಲ್ಲಿ ಅವನಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

"ಕಣ್ಣು ಎಷ್ಟು ಎತ್ತರದಲ್ಲಿ ಇಟ್ಟಿದ್ದೀಯ?" ಕೇಳಿದಳು ಅಕ್ಕ.

"ಆಟದಲ್ಲಿ ಎಲ್ಲರಿಗೂ ಇರೋ ಎತ್ತರ. ಅದನ್ನ ನಾನು ಬದಲಾಯಿಸಿಲ್ಲ."

"ಒಬ್ಬರ ಅಳತೆಗೆ ಇನ್ನೊಬ್ಬರ ಅಂಗಿ ಹೊಲಿದ ಹಾಗಾಯ್ತು. ನಾನು ಬರ್ಕೊಂಡಿದ್ದು ನೋಡ್ಲೇ ಇಲ್ವಾ?"

ಆ ಕಟ್ಟಡವನ್ನು ಕೆಡವುವ ಮೊದಲು ಇಬ್ಬರೂ ಅಕ್ಕನ ಟೇಪು ಹಿಡಿದು ಮೆಟ್ಟಿಲು ಮೆಟ್ಟಿಲನ್ನೂ ಅಳೆದು ಬಂದಿದ್ದರು. ಹಳೆಯ ಮನೆಯ ಬಾಗಿಲ ಚೌಕಟ್ಟಿನಲ್ಲಿ ಅಮ್ಮ ವರ್ಷ ವರ್ಷ ಎಳೆದ ಪೆನ್ಸಿಲ್ ಗೀಟುಗಳು ಹಾಗೇ ಇದ್ದವು. ಅಕ್ಕ ಅಲ್ಲೂ ಟೇಪು ಹಿಡಿದು ಏನೋ ಬರೆದುಕೊಂಡಿದ್ದಳು. ನೆನಪಿಗಿರಲಿ ಎಂದು ಬರೆದುಕೊಂಡಳೆಂದೇ ಅವನು ಅಂದುಕೊಂಡಿದ್ದ. ಈಗ ಅವಳು ಪುಸ್ತಕದ ಕೊನೆಯ ಹಾಳೆ ತಿರುಗಿಸಿ ಆ ಅಂಕಿಯ ಮೇಲೆ ಬೆರಳಿಟ್ಟಳು.

"ಇದರಲ್ಲಿ ನಾಲ್ಕು ಇಂಚು ಕಳಿ. ಕಣ್ಣೇನು ನೆತ್ತಿ ಮೇಲಿರುತ್ತಾ?"

ಅವನು ಅಂಕಿ ಒತ್ತಿದ. ಕಣ್ಣು ಕೆಳಗಿಳಿದಂತೆ ಎದುರಿನ ಮೆಟ್ಟಿಲ ಮೋಟುಗೋಡೆ ಮೇಲೆದ್ದು ಇಬ್ಬರನ್ನೂ ಮುಚ್ಚಿಬಿಟ್ಟಿತು. ಅಪ್ಪನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ಮೇಲಿನ ಗೋಡೆಯಲ್ಲಿ ಎರಡು ನೆರಳು ಮಾತ್ರ.

ನೀಲಿ ಅಂಗಿಯವನಿಂದ ನೂಕಿಸಿದ. ಚಾಚಿದ ಎರಡು ಕೈ, ಬೀಳುವ ಮೈ. ಹಿಡಿಯಲು ಹೋಗುವಂತೆ ಮಾಡಿದ. ಚಾಚಿದ ಎರಡು ಕೈ, ಬೀಳುವ ಮೈ. ಮತ್ತೆ ಮತ್ತೆ ಮಾಡಿದ. ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ.

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರೆ," ಅಕ್ಕ ಮೆಲ್ಲಗೆ ಹೇಳಿದಳು. "ಇದು ಪ್ರತ್ಯಕ್ಷವೂ ಅಲ್ವಲ್ಲೋ."

ಇನ್ನು ಒಳ್ಳೆಯ ನಿದ್ದೆ ತನ್ನ ಹಣೆಯಲ್ಲಿ ಬರೆದಿಲ್ಲ ಎಂದು ಅವನಿಗೆ ಗೊತ್ತಾಯಿತು.

"ನಾಳೆ ಹತ್ತು ಗಂಟೆಗೆ ಒಳಗೆ ಬಿಡ್ತಾರೆ," ಎಂದಳು ಅಕ್ಕ.

"ಬರ್ತೀನಿ."

ಮರುದಿನ ಆಸ್ಪತ್ರೆಯ ಮಂಚದ ಮೇಲೆ ಅಪ್ಪ ಮೂಳೆ ಚಕ್ಕಳವಾಗಿ ಮಲಗಿದ್ದ. ಬಾಗಿಲಲ್ಲಿ ಪೊಲೀಸಿನವನು ಗಡಿಯಾರ ನೋಡುತ್ತಿದ್ದ. ಮಗ ಮಂಚದ ಪಕ್ಕದಲ್ಲಿ ಕುಕ್ಕರಿಸಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೇ ಒಂದು ಬಾಯಿಗೆ ಬಂತು.

"ಎರಡನೇ ಸಾಕ್ಷಿಗೆ ಏನೂ ಕಂಡಿರ್ಲಿಲ್ಲ ಅಪ್ಪಾ. ಬರೀ ನೆರಳು."

"ಗೊತ್ತು," ಎಂದ ಅಪ್ಪ. ಅಷ್ಟು ಹೇಳಲು ಎರಡು ಸಲ ಉಸಿರೆಳೆದುಕೊಂಡ.

"ಗೊತ್ತಿದ್ದೂ ಅವತ್ತು ವಕೀಲರನ್ನ ಯಾಕೆ ಕೂರಿಸಿದೆ?"

ಅಪ್ಪ ಕೈಯೆತ್ತಿ ಅವನ ನೆತ್ತಿಯ ಮೇಲಿಟ್ಟ. "ಒಂಬತ್ತು ವರ್ಷ ನಿಂಗಾಗ. ತುಂಬಿದ ಕೋರ್ಟಲ್ಲಿ, ನನ್ನ ಮಗನ್ನ ಸುಳ್ಳುಗಾರ ಅಂತ ಹೇಗೆ ಅನ್ನಿಸ್ಲೋ?"