ಚಿನ್ನದಂಥ ಮಕ್ಕಳು

ಹುಡುಗಿಯ ಕೈಜಾರಿ ಗಾಜಿನ ಲೋಟ ಚೂರಾಯಿತು. ಏನಾಯಿತೆಂದು ನೋಡಲು ದೊಡ್ಡಪ್ಪ ಕುರ್ಚಿಯಿಂದ ಎದ್ದದ್ದೇ ತಡ, ಅವಳು ಪುಟ್ಟ ತಮ್ಮನನ್ನು ಎಳೆದುಕೊಂಡು ಊಟದ ಮೇಜಿನ ಕೆಳಗೆ ನುಸುಳಿ, ಅವನ ಬಾಯಿ ಮುಚ್ಚಿ ಹಿಡಿದಳು.

ದೊಡ್ಡಮ್ಮ ಮೇಜಿನ ಬಳಿಗೆ ಓಡಿಬಂದಳು. ತಂಗಿಯನ್ನು ಅವಳ ಗಂಡನೇ ಹೊಡೆದು ಕೊಂದ ಮೇಲೆ ಮಕ್ಕಳಿಬ್ಬರನ್ನೂ ಮನೆಗೆ ಕರೆತಂದಿದ್ದಳು. ಬಂದಾಗಿನಿಂದ ಅವರು ಅತ್ತದ್ದಿಲ್ಲ, ಹಟ ಹಿಡಿದದ್ದಿಲ್ಲ. ಅಕ್ಕಪಕ್ಕದವರು ಚಿನ್ನದಂಥ ಮಕ್ಕಳು ಎಂದು ಹೊಗಳಿದಾಗಲೆಲ್ಲ ಅವಳು ಮಾತ್ರ ಮಾತು ಬದಲಿಸುತ್ತಿದ್ದಳು.

ದೊಡ್ಡಪ್ಪ ನಿಂತಲ್ಲೇ ನೆಲದ ಮೇಲೆ ಕೂತ. "ಲೋಟ ತಾನೇ ಪುಟ್ಟಿ, ಹೋದ್ರೆ ಹೋಯ್ತು ಬಿಡು."

"ದೊಡ್ಡಮ್ಮನ್ನ ಯಾವಾಗ ಹೊಡೀತೀರ?" ಮೇಜಿನಡಿಯಿಂದ ಪಿಸುದನಿ ಬಂತು.

"ಯಾವತ್ತೂ ಹೊಡೆಯಲ್ಲಮ್ಮ."

"ಅಪ್ಪಾನೂ ಹಂಗೇ ಹೇಳ್ತಿದ್ರು."

ಬೀದಿಗೆಲ್ಲ ಕೇಳುವಂತೆ ಮಾತಾಡುವ ದೊಡ್ಡಪ್ಪ ಹೆಂಡತಿಯ ಮುಖ ನೋಡಿದ. ಇಲ್ಲಿ ಆಣೆ ಪ್ರಮಾಣ ನಡೆಯುವುದಿಲ್ಲವೆಂದು ಅವಳಿಗೂ ಗೊತ್ತಾಯಿತು. ಬಗ್ಗಿ, ತೆವಳಿಕೊಂಡು ಮಕ್ಕಳ ಪಕ್ಕ ಹೋಗಿ ಕೂತಳು.

"ಈಗ್ಲೇ ನಮ್ಮನ್ನ ನಂಬಬೇಡ ಕಂದ. ನೋಡ್ತಾ ಇರು. ನಿಂಗೆ ಧೈರ್ಯ ಬರೋವರೆಗೂ ಇಲ್ಲೇ ಕೂತಿರೋಣ."

ತುಸು ಹೊತ್ತಿಗೆ ಹುಡುಗಿಯ ಬೆರಳುಗಳು ಸಡಿಲವಾದವು. "ನಂಗೆ ಅಮ್ಮ ಬೇಕು!" ಎಂದು ಚಿಕ್ಕವನು ಸೂರು ಕಿತ್ತುಹೋಗುವಂತೆ ಕಿರುಚಿದ.

"ಶ್!" ಎಂದ ಅಕ್ಕ ಹೆದರಿ ದೊಡ್ಡಪ್ಪನ ಕಡೆ ನೋಡಿದಳು. ಅವನು ಕೂತಲ್ಲಿಂದ ಕದಲಲಿಲ್ಲ.

"ಕೂಗ್ಲಿ ಬಿಡು," ಎಂದಳು ದೊಡ್ಡಮ್ಮ. "ನೀನೂ ಕೂಗು."

ಹುಡುಗಿ ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ ಅವಳ ಅಳುವಿನಲ್ಲಿ ತಮ್ಮನ ದನಿ ಕೇಳಿಸದೇ ಹೋಯಿತು.